ಚೀನಾದ ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಓದಿನ ಹಾಳೆಗಳು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಒಗ್ಗುತ್ತವಾ?

ಮದ್ದೂರುಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆ, ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. 9 ಮತ್ತು 10ನೇ ತರಗತಿಗೆ ವಾರಕ್ಕೆ ಮೂರು ಪೀರಿಯಡ್ಡು ಬರೀ ಇಂಗ್ಲಿಷ್ ಓದಿಗೆ ಅಂತ ಎತ್ತಿಡಬಹುದು. ಪಠ್ಯಪುಸ್ತಕದ ಪಾಠ ಅಲ್ಲ. ಮಕ್ಕಳು ಮೊದಲು ನೋಡಿರದ ಪುಟ್ಟ ಬರಹ ಕೊಟ್ಟು, ತಾವೇ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ.

ನೆಟ್ಟಲ್ಲಿ ಹುಡುಕಿದಾಗ ಚೀನಾದ ಹೈಸ್ಕೂಲ್ ಮಕ್ಕಳಿಗೆ ಅಂತ ಮಾಡಿದ ಹಾಳೆಗಳು ಕಟ್ಟುಗಟ್ಟಲೆ ಸಿಕ್ಕವು. ಎಲ್ಲ ದಿನನಿತ್ಯದ ವಿಷಯವೇ: ಬಾಡಿಗೆ ಸೈಕಲ್ಲು, ಆಪ್‌ನಲ್ಲಿ ಊಟ ತರಿಸೋದು, ಮ್ಯೂಸಿಯಂ ಸಮಯ, ನಿದ್ದೆ, ಮೊಬೈಲ್ ಚಟ, ಹೈಸ್ಪೀಡ್ ರೈಲು. ಪ್ರತಿ ಬರಹದ ಕೆಳಗೆ ನಾಲ್ಕು ಆಯ್ಕೆಯ ಪ್ರಶ್ನೆಗಳು. ನೋಡೋಕೆ ಅಚ್ಚುಕಟ್ಟು. ಕೇಳಬೇಕಾದ್ದು ಇಷ್ಟು:

ಇವುಗಳ ಮಟ್ಟ ನಮ್ಮ ಯಾವ ತರಗತಿಗೆ ಸರಿ? ನೇರವಾಗಿ ಜೆರಾಕ್ಸ್ ಮಾಡಿ ಕೊಡಬಹುದಾ, ತಿದ್ದಬೇಕಾ? ತಿದ್ದೋದಾದ್ರೆ ಏನನ್ನ ಇಟ್ಟುಕೊಂಡು ಏನನ್ನ ಬಿಡಬೇಕು? ಇನ್ನೊಂದು ವಿಚಾರ, ನಮ್ಮ ಮಕ್ಕಳಿಗೆ ವಾಕ್ಯದ ಒಂದೊಂದು ಪದದ ಅರ್ಥ ಕೇಳಿದ್ರೆ ಹೇಳ್ತವೆ, ಇಡೀ ವಾಕ್ಯ ಏನು ಹೇಳ್ತಿದೆ ಅಂದ್ರೆ ಉಲ್ಟಾ ಹೇಳ್ತವೆ. ಇದಕ್ಕೆ ಓದಿನ ಹಾಳೆಯಲ್ಲೇ ಮದ್ದು ಇದೆಯಾ?

(ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಈ ಪುಟದಲ್ಲಿ ಎರಡು ಲಿಪಿ ಬೆರೆತರೆ ಸಾಲು ಒಡೆದು ಹೋಗುತ್ತೆ.)


ಕುವೆಂಪುನಗರ_ಟೀಚರ್:

ಮೇಷ್ಟ್ರೇ, ಮೊದಲು ಮಟ್ಟದ ಲೆಕ್ಕ. ಚೀನಾದಲ್ಲಿ ಹೈಸ್ಕೂಲ್ ಅಂತ ಹಾಳೆಯ ಮೇಲೆ ಬರೆದಿದ್ರೆ ಅದು ಹಿರಿಯ ಮಾಧ್ಯಮಿಕ, ಅಂದ್ರೆ 10, 11, 12ನೇ ತರಗತಿ. ನಮ್ಮ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಸೇರಿಸಿದ ಹಾಗೆ. ನಿಮ್ಮ 9ನೇ ತರಗತಿಗೆ ಅದು ವಯಸ್ಸಿನ ಲೆಕ್ಕದಲ್ಲೂ ಮುಂದಿನದು.

ಆ ಹಾಳೆಗಳೆಲ್ಲ ಕೊನೆಗೆ ಹೋಗಿ ಮುಟ್ಟೋದು ಗಾವ್‌ಕಾವ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಗೆ. ಪ್ರತಿ ವರ್ಷ ಜೂನ್ 7ಕ್ಕೆ ಶುರುವಾಗುತ್ತೆ. ಬಹಳಷ್ಟು ಪ್ರಾಂತ್ಯಗಳು ಬಳಸೋ ಈಗಿನ ಪತ್ರಿಕೆಯಲ್ಲಿ ಇಂಗ್ಲಿಷ್‌ಗೆ 150 ಅಂಕ, ಸಮಯ 120 ನಿಮಿಷ. ಅದರಲ್ಲಿ 50 ಅಂಕ ಓದಿಗೆ. ಎ, ಬಿ, ಸಿ, ಡಿ ಅಂತ ನಾಲ್ಕು ಬರಹ, ಅವಕ್ಕೆ 15 ಪ್ರಶ್ನೆ. ಐದನೆಯದು ಖಾಲಿ ಜಾಗ ತುಂಬೋ ಬರಹ, ಅದಕ್ಕೆ 5 ಪ್ರಶ್ನೆ. ಒಂದೊಂದಕ್ಕೂ ಎರಡೂವರೆ ಅಂಕ. ಆ ಹೊತ್ತಿಗೆ ಮಕ್ಕಳಿಗೆ ಸುಮಾರು 3,000 ಪದ ಗೊತ್ತಿರಬೇಕು ಅನ್ನೋದು ಅಲ್ಲಿನ ಪಠ್ಯಕ್ರಮದ ನಿರೀಕ್ಷೆ. ನಮ್ಮ 9ನೇ ತರಗತಿ ಮಗುವಿಗೆ ಅದರಲ್ಲಿ ಅರ್ಧ ಗೊತ್ತಿದ್ರೂ ಪುಣ್ಯ. ಹಾಗಾಗಿ ಬಿ, ಸಿ, ಡಿ ಬರಹಗಳನ್ನ ನೇರ ಜೆರಾಕ್ಸ್ ಮಾಡಬೇಡಿ. ಡಿ ಅಂತೂ ಸಾಮಾನ್ಯವಾಗಿ ಸಂಶೋಧನೆಯೊಂದರ ವರದಿ ಥರ ಇರುತ್ತೆ, ನಮ್ಮಲ್ಲಿ ಪಿಯು ಮಕ್ಕಳೇ ಒದ್ದಾಡ್ತಾರೆ.

ಎ ಮಾತ್ರ ಚಿನ್ನ. ಅದು ಕಥೆಯೂ ಅಲ್ಲ, ಪ್ರಬಂಧವೂ ಅಲ್ಲ. ನೋಟೀಸು, ಜಾಹೀರಾತು, ವೇಳಾಪಟ್ಟಿ, ಟಿಕೆಟ್ ದರದ ಪಟ್ಟಿ ಇಂಥದ್ದು. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ್ದನ್ನ ಹುಡುಕಿ ತೆಗೆದ್ರೆ ಸಾಕು. ನಮ್ಮ ಕಡೆ ಓದು ಅಂದ್ರೆ ಮೊದಲನೇ ಪದದಿಂದ ಕೊನೇ ಪದದವರೆಗೆ ಅಂತಲೇ ರೂಢಿ ಆಗಿರೋದ್ರಿಂದ ಈ ಹುಡುಕೋ ಓದು ಮಕ್ಕಳಿಗೆ ಹೊಸದು.

ಬರಹಕ್ಕಿಂತ ನೀವು ಎರವಲು ತರಬೇಕಾದ್ದು ಪ್ರಶ್ನೆ ಕಟ್ಟೋ ಕಸುಬನ್ನ. ತಪ್ಪು ಆಯ್ಕೆಗಳನ್ನ ಅಲ್ಲಿನ ಮೇಷ್ಟ್ರುಗಳು ನಾಲ್ಕು ಜಾತಿ ಮಾಡಿ, ಒಂದೊಂದಕ್ಕೂ ಚೀನೀ ನಾಣ್ಣುಡಿಯ ಹೆಸರಿಟ್ಟು ಕಲಿಸ್ತಾರೆ. ಝಾಂಗನ ಟೋಪಿ ಲೀ ತಲೆಗೆ: ಒಬ್ಬರ ವಿಷಯ ಇನ್ನೊಬ್ಬರಿಗೆ ಅಂಟಿಸೋದು. ಇಲ್ಲದ್ದನ್ನ ಹುಟ್ಟಿಸೋದು: ಬರಹದಲ್ಲಿ ಇಲ್ಲವೇ ಇಲ್ಲ, ಕೇಳೋಕೆ ಮಾತ್ರ ನಿಜ ಅನ್ನಿಸುತ್ತೆ. ತೊಲೆ ಕದ್ದು ಕಂಬ ಬದಲಿಸೋದು: ವಾಕ್ಯ ಅದೇ, ಒಂದು ಪದ ಬೇರೆ. ಚೂರು ತೋರಿಸಿ ಇಡಿಯಾಗಿ ಮಾರೋದು: ಕೆಲವು ಅನ್ನೋದನ್ನ ಎಲ್ಲ ಅಂತ ಮಾಡೋದು.

ನಮ್ಮ ಮೈಸೂರು ಝೂ ಇಟ್ಕೊಂಡು ನೋಡಿ. ಬೆಳಿಗ್ಗೆ 8.30ರಿಂದ ಸಂಜೆ 5.30, ಮಂಗಳವಾರ ರಜೆ, ಸರ್ಕಾರಿ ರಜಾದಿನ ಮಂಗಳವಾರವೇ ಬಿದ್ದರೆ ತೆರೆದಿರುತ್ತೆ. ಮೂರು ವಾಕ್ಯದ ನೋಟೀಸು ಮಾಡಿ: 'ದ ಝೂ ಈಸ್ ಓಪನ್ ಫ್ರಮ್ 8.30 ಎ.ಎಂ. ಟು 5.30 ಪಿ.ಎಂ. ಇಟ್ ಈಸ್ ಕ್ಲೋಸ್ಡ್ ಆನ್ ಟ್ಯೂಸ್‌ಡೇಸ್, ಎಕ್ಸೆಪ್ಟ್ ವೆನ್ ಟ್ಯೂಸ್‌ಡೇ ಈಸ್ ಎ ಪಬ್ಲಿಕ್ ಹಾಲಿಡೇ. ವಿಸಿಟರ್ಸ್ ಮೇ ನಾಟ್ ಫೀಡ್ ದ ಆನಿಮಲ್ಸ್.'

ಈಗ ತಪ್ಪು ಆಯ್ಕೆಗಳು. ಝೂ ಮುಚ್ಚೋದು 8.30ಕ್ಕೆ: ಟೋಪಿ ಬದಲು, ತೆರೆಯೋ ಸಮಯವನ್ನ ಮುಚ್ಚೋದಕ್ಕೆ ಹಾಕಿದೆ. ಮಕ್ಕಳಿಗೆ ಟಿಕೆಟ್ ಅರ್ಧ: ಇಲ್ಲದ್ದು. ಪ್ರಾಣಿಗಳಿಗೆ ತಿನ್ನಿಸಬಹುದು: 'ನಾಟ್' ಅನ್ನೋ ತೊಲೆ ಮಾಯ. ಯಾವ ಮಂಗಳವಾರವೂ ತೆರೆಯಲ್ಲ: ಇಡಿ ಮಾರಾಟ. ಸರಿ ಉತ್ತರ, ದಸರಾ ರಜೆ ಮಂಗಳವಾರ ಬಂದ್ರೆ ಆವತ್ತು ಝೂ ನೋಡಬಹುದು ಅನ್ನೋದು. ಎರಡು ವಾರ ಆದಮೇಲೆ ತಪ್ಪು ಆಯ್ಕೆಗಳನ್ನ ಮಕ್ಕಳ ಕೈಲೇ ಬರೆಸಿ, ಒಂದೊಂದು ಸಾಲಿಗೆ ಒಂದೊಂದು ಜಾತಿ. 'ಎಕ್ಸೆಪ್ಟ್' ಅನ್ನೋದನ್ನ ಹತ್ತು ಸಲ ಬೋರ್ಡಿನ ಮೇಲೆ ಬರೆದು ಕಲಿಸೋದಕ್ಕಿಂತ, ಅದನ್ನೇ ಇಟ್ಕೊಂಡು ಪಕ್ಕದವನಿಗೆ ಒಂದು ಬಲೆ ಹೆಣೆಯೋದ್ರಲ್ಲಿ ಅದು ತಲೆಗೆ ಇಳಿಯುತ್ತೆ.

ಉತ್ತರಕ್ಕೆ ಅಂಕ ಕೊಡುವಾಗ ಒಂದು ಕಟ್ಟುನಿಟ್ಟು: ಯಾವ ಸಾಲು ನೋಡಿ ಹೇಳಿದೆ ಅನ್ನೋ ಸಾಲಿನ ಸಂಖ್ಯೆ ಬರೆಯದಿದ್ರೆ ಅರ್ಧ ಅಂಕ. ನಾಲ್ಕು ಆಯ್ಕೆ ಇದ್ದಾಗ ಕಣ್ಣು ಮುಚ್ಚಿ ಬೆರಳಿಟ್ರೂ ನಾಲ್ಕಕ್ಕೊಂದು ಸರಿ ಬರುತ್ತೆ, ಅದನ್ನ ಓದು ಅಂತ ಲೆಕ್ಕಕ್ಕೆ ತಗೋಬಾರದು. ಹಾಳೆ ಟೈಪ್ ಮಾಡುವಾಗಲೇ ಎಡಗಡೆ ಸಾಲಿನ ಸಂಖ್ಯೆ ಹಾಕಿಡಿ.


ನಾಲೆದಂಡೆ:

ಮೇಡಂ ಹೇಳಿದ್ದಕ್ಕೆ ತಕರಾರಿಲ್ಲ. ಆದ್ರೆ ಮೇಷ್ಟ್ರು ಕೊನೇಲಿ ಕೇಳಿದ್ದು ಬೇರೆ ರೋಗ. ಅದನ್ನ ಚೀನಾ ಹಾಳೆ ವಾಸಿ ಮಾಡಲ್ಲ, ಯಾಕಂದ್ರೆ ಅವರ ಮಕ್ಕಳು ಮುಗ್ಗರಿಸೋ ಜಾಗ ಬೇರೆ, ನಮ್ಮ ಮಕ್ಕಳದ್ದು ಬೇರೆ.

ಚೀನೀ ವಾಕ್ಯದ ಮೂಲ ಕ್ರಮ ಇಂಗ್ಲಿಷಿನದ್ದೇ: ಮಾಡಿದವನು, ಕ್ರಿಯೆ, ಆಮೇಲೆ ಮಾಡಿಸಿಕೊಂಡದ್ದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ನಮ್ಮ ಹುಡುಗ ಇಂಗ್ಲಿಷ್ ವಾಕ್ಯದ ಪದಗಳನ್ನ ಒಂದೊಂದಾಗಿ ಕನ್ನಡ ಮಾಡ್ತಾ ಹೋಗಿ, ಕೊನೇಲಿ ಕ್ರಿಯಾಪದ ಹುಡುಕ್ತಾನೆ. ಅಲ್ಲಿ ಸಿಗೋದು ಮದ್ದೂರು ಅಥವಾ ಟ್ಯೂಸ್‌ಡೇ. ಆಗ ಸಿಕ್ಕಿದ್ದನ್ನೆಲ್ಲ ಸೇರಿಸಿ ಒಂದು ಕಥೆ ಕಟ್ತಾನೆ. ನೀವು ಉಲ್ಟಾ ಅನ್ನೋದು ಇದನ್ನೇ. ಅವನದು ಸೋಮಾರಿತನ ಅಲ್ಲ.

ಚೀನೀ ಮಕ್ಕಳಿಗೂ ನಮಗೂ ಒಂದೇ ಥರ ಕಷ್ಟ ಆಗೋ ಜಾಗ ಒಂದಿದೆ. 'ದ ಬಸ್ ದಟ್ ಲೀವ್ಸ್ ಮಂಡ್ಯ ಅಟ್ ಸಿಕ್ಸ್ ಡಸ್ ನಾಟ್ ಸ್ಟಾಪ್ ಅಟ್ ಮದ್ದೂರ್.' ಕನ್ನಡದಲ್ಲಿ 'ಆರಕ್ಕೆ ಮಂಡ್ಯ ಬಿಡೋ ಬಸ್ಸು' ಅಂತೀವಿ, ವಿಶೇಷಣದ ಕಂತೆ ಪೂರ್ತಿ ಬಸ್ಸಿನ ಮುಂದೆ ಬರುತ್ತೆ. ಚೀನೀ ಭಾಷೆಯಲ್ಲೂ ಹಂಗೇ, ಮುಂದೆ. ಇಂಗ್ಲಿಷಲ್ಲಿ ಅದು ಬಸ್ಸಿನ ಹಿಂದೆ ಬಾಲದ ಥರ ನೇತಾಡುತ್ತೆ. ನಮ್ಮ ಮಗು 'ಬಸ್ ಲೀವ್ಸ್ ಮಂಡ್ಯ ಅಟ್ ಸಿಕ್ಸ್' ವರೆಗೆ ಓದಿ ವಾಕ್ಯ ಮುಗೀತು ಅಂದುಕೊಳ್ಳುತ್ತೆ. ಆಮೇಲೆ ಬರೋ 'ಡಸ್ ನಾಟ್ ಸ್ಟಾಪ್' ಯಾರಿಗೆ ಸೇರಿದ್ದು ಅಂತ ಗೊತ್ತಾಗಲ್ಲ.

ಇದಕ್ಕೆ ಪೆನ್ಸಿಲ್ ಮದ್ದು. 'ದಟ್', 'ಹೂ', 'ವಿಚ್' ಕಂಡ ಕೂಡಲೇ ಅದರ ಎಡಗಡೆ ಚೌಕ ಆವರಣ ತೆರೀಬೇಕು. ಮುಂದೆ ಎರಡನೇ ಕ್ರಿಯಾಪದ ಕಾಣೋ ಮುಂಚೆ ಮುಚ್ಚಬೇಕು. ಆವರಣದ ಒಳಗಿನದನ್ನ ಬೆರಳಲ್ಲಿ ಮುಚ್ಚಿ ಓದಿದ್ರೆ 'ದ ಬಸ್ ಡಸ್ ನಾಟ್ ಸ್ಟಾಪ್ ಅಟ್ ಮದ್ದೂರ್' ಉಳೀತು. ಬೆರಳು ತೆಗೆದು ಕೇಳಿ: ಯಾವ ಬಸ್ಸು? ದಿನಕ್ಕೆ ಇಂಥ ನಾಲ್ಕು ವಾಕ್ಯ, ಐದು ನಿಮಿಷ, ಓದು ಶುರು ಮಾಡೋ ಮುಂಚೆ. 'ದ ಗರ್ಲ್ ಹೂ ಕೇಮ್ ಯೆಸ್ಟರ್ಡೇ ಈಸ್ ಮೈ ಕಸಿನ್' ಅನ್ನೋಂಥ ಚಿಕ್ಕದ್ರಿಂದ ಹಿಡಿದು ಮೇಲಕ್ಕೆ ಹೋಗಿ. ಈ ಗುರುತಿಗೆ ಸಿಗದ ವಾಕ್ಯಗಳೂ ಇವೆ, 'ದಟ್' ಬಿಟ್ಟು ಬರೆದಿರ್ತಾರೆ: 'ದ ಬಸ್ ವಿ ಮಿಸ್ಡ್'. ಅಂಥದ್ದನ್ನ ಮೊದಲ ಎರಡು ತಿಂಗಳು ಹಾಳೆಯಿಂದ ತೆಗೆದುಬಿಡಿ.

ಇನ್ನು ಪದದ ವಿಚಾರ. ಇಲ್ಲಿ ನಮಗೆ ಚೀನೀ ಮಕ್ಕಳಿಗಿಲ್ಲದ ಒಂದು ಅನುಕೂಲ ಇದೆ, ಅದೇ ನಮ್ಮನ್ನ ಹಳ್ಳಕ್ಕೂ ತಳ್ಳುತ್ತೆ. ಚೀನೀ ಭಾಷೆ ಹೊರಗಿನ ಪದವನ್ನ ಹಾಗೇ ತಗೊಳ್ಳೋದು ಕಡಿಮೆ, ತನ್ನಲ್ಲೇ ಕಟ್ಟಿಕೊಳ್ಳುತ್ತೆ. ಕಂಪ್ಯೂಟರ್‌ಗೆ ಅವರು 'ದಿಯೆನ್‌ನಾವ್' ಅಂತಾರೆ, ಅಕ್ಷರಕ್ಕೆ ಅಕ್ಷರ ಕರೆಂಟಿನ ಮಿದುಳು. ನಮ್ಮ ಹಳ್ಳಿ ಮಗುವಿಗೆ ಬಸ್ಸು, ಟಿಕೆಟ್ಟು, ಆಸ್ಪತ್ರೆ ಚೀಟಿಯ ಟ್ಯಾಬ್ಲೆಟ್ಟು, ಬೋರ್‌ವೆಲ್ಲು, ಪಾಸ್‌ಬುಕ್ಕು ಎಲ್ಲ ಗೊತ್ತು. ಆದ್ರೆ ಕನ್ನಡಕ್ಕೆ ಬರುವಾಗ ಆ ಪದ ಒಂದೇ ಅರ್ಥ ಹೊತ್ಕೊಂಡು ಬಂದಿರುತ್ತೆ, ಉಳಿದವನ್ನ ದಾರೀಲೇ ಇಳಿಸಿರುತ್ತೆ.

ಕರೆಂಟ್ ಅಂದ್ರೆ ನಮಗೆ ವಿದ್ಯುತ್ ಮಾತ್ರ; ಹಾಳೆಯಲ್ಲಿ 'ಕರೆಂಟ್ ಇಯರ್' ಬಂದ್ರೆ ಮಗುವಿಗೆ ಕರೆಂಟಿನ ವರ್ಷ. ಹೋಟೆಲ್ ಅಂದ್ರೆ ಇಡ್ಲಿ ತಿನ್ನೋ ಜಾಗ; 'ವಿ ಸ್ಟೇಯ್ಡ್ ಇನ್ ಎ ಹೋಟೆಲ್' ಅಂದ್ರೆ ರಾತ್ರಿಯೆಲ್ಲ ಹೋಟೆಲಲ್ಲಿ ಏನ್ಮಾಡ್ತಿದ್ರು ಅನ್ನೋ ಪ್ರಶ್ನೆ. ಬುಕ್ ಅಂದ್ರೆ ಪುಸ್ತಕ, ಹಾಗಾದ್ರೆ 'ಬುಕ್ ಯುವರ್ ಟಿಕೆಟ್' ಅಂದ್ರೆ? ಬೋರ್ಡ್ ಅಂದ್ರೆ ಕಪ್ಪು ಹಲಗೆ ಅಥವಾ ಅಂಗಡಿ ಮುಂದಿನ ಫಲಕ. 'ಬೋರ್ಡ್ ದ ಬಸ್' ಅಂದ್ರೆ ಬಸ್ಸಿನ ಬೋರ್ಡು ಅಂತ ಓದ್ತಾರೆ. ಡೌಟ್ ಅಂದ್ರೆ ನಮ್ಮಲ್ಲಿ ಕ್ಲಾಸಲ್ಲಿ ಕೇಳೋ ಪ್ರಶ್ನೆ. ಇಂಗ್ಲಿಷಲ್ಲಿ 'ಐ ಡೌಟ್ ಇಟ್' ಅಂದ್ರೆ ನಂಬಿಕೆ ಇಲ್ಲ. ಡ್ಯೂ ಅಂದ್ರೆ ಸಂಘಕ್ಕೆ ಕಟ್ಟಬೇಕಾದ ಕಂತು. 'ಡ್ಯೂ ಟು ರೇನ್' ಅಂದ್ರೆ ಮಳೆಗೆ ಕಂತು ಕಟ್ಟೋದು!

ಗೋಡೆ ಮೇಲೆ ಒಂದು ಚಾರ್ಟು ಹಾಕಿ, ಎರಡು ಅಂಕಣ: ಊರಲ್ಲಿ ಅರ್ಥ, ಹಾಳೆಯಲ್ಲಿ ಅರ್ಥ. ಮಕ್ಕಳಿಗೆ ಸಿಕ್ಕಾಗೆಲ್ಲ ಸೇರಿಸ್ತಾ ಹೋಗಲಿ. ಚೀನಾ ಹಾಳೆಯ ಕೆಳಗಿನ ಪದಪಟ್ಟಿಯಲ್ಲಿ ಇವೆಲ್ಲ ಸಿಗುತ್ತವೆ ಅಂತ ನಂಬಬೇಡಿ, ಅವರ ಮಕ್ಕಳಿಗೆ ಬುಕ್, ಬೋರ್ಡ್‌ಗಳಲ್ಲಿ ಈ ಮೋಸ ಇಲ್ಲ.


ಮದ್ದೂರುಮೇಷ್ಟ್ರು:

ಇಬ್ಬರಿಗೂ ವಂದನೆ. ಡ್ಯೂ ವಿಚಾರ ಓದಿ ನಗು ಬಂತು, ನೂರಕ್ಕೆ ನೂರು ನಿಜ. ಈಗ ಬರಹವನ್ನ ನಾವೇ ಬರೀಬೇಕು ಅಂತಾಯ್ತು. ಮಟ್ಟ ಸರಿ ಇದೆ ಅಂತ ಕೊಡೋ ಮುಂಚೆ ತಿಳ್ಕೊಳ್ಳೋದು ಹೆಂಗೆ? ಎಲ್ಲಿಂದ ವಿಷಯ ಎತ್ತಬೇಕು?


ಕಟ್ಟೇರಿ_ಕನ್ನಡಕ:

ಸರ್, ಮಟ್ಟಕ್ಕೆ ಒಂದು ಸುಲಭದ ತಕ್ಕಡಿ ಇದೆ. ಓದಿನ ಸಂಶೋಧಕರು ಒಪ್ಪೋ ಲೆಕ್ಕ: ಯಾರ ಸಹಾಯವೂ ಇಲ್ಲದೆ ಓದಬೇಕಾದ್ರೆ ನೂರಕ್ಕೆ 98 ಪದ ಗೊತ್ತಿರಬೇಕು, ಮೇಷ್ಟ್ರು ಪಕ್ಕದಲ್ಲಿದ್ದು ಓದಿಸೋದಾದ್ರೆ 95 ಸಾಕು. ಅಂದ್ರೆ ನೂರು ಪದಕ್ಕೆ ಗೊತ್ತಿಲ್ಲದ್ದು ಎರಡು, ಹೆಚ್ಚಂದ್ರೆ ಐದು. ಹತ್ತು ದಾಟಿದ್ರೆ ಅದು ಓದಲ್ಲ, ನಿಘಂಟು ತಿರುವೋ ಕೆಲಸ.

ಅಳೆಯೋದು ಹೀಗೆ. 100 ಪದದ ತುಂಡು ಐದು ಮಕ್ಕಳಿಗೆ ಕೊಡಿ. ಮೊದಲ ಬೆಂಚಿನ ಜಾಣರಿಗಲ್ಲ, ಕಿರುಪರೀಕ್ಷೆಯಲ್ಲಿ ಮಧ್ಯದ ಅಂಕ ಬಂದವರಿಗೆ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಗೆರೆ ಹಾಕಲಿ. ಐವರದ್ದು ಕೂಡಿಸಿ ಐದರಿಂದ ಭಾಗಿಸಿ. 4, 7, 6, 3, 5 ಬಂತು ಅಂದ್ಕೊಳ್ಳಿ, ಕೂಡಿದ್ರೆ 25, ಸರಾಸರಿ 5: ಕ್ಲಾಸಲ್ಲಿ ಓದಿಸಬಹುದು, ಮನೆಗೆ ಕೊಡಬೇಡಿ. ಗೆರೆ ಹಾಕಿದ ಮೇಲೆ ಗೆರೆ ಇಲ್ಲದ ಪದಗಳಲ್ಲಿ ನಾಲ್ಕನ್ನ ಆರಿಸಿ ಅರ್ಥ ಕೇಳಿ. ಡ್ಯೂ, ಬೋರ್ಡ್ ಥರದವು ಗೆರೆ ತಪ್ಪಿಸಿಕೊಂಡಿರ್ತವೆ, ಗೊತ್ತಿದೆ ಅಂದ್ಕೊಂಡು ದಾಟಿರ್ತಾರೆ. ಊರ ಹೆಸರು, ಮನುಷ್ಯರ ಹೆಸರನ್ನ ಗೊತ್ತಿರೋ ಪದ ಅಂತಲೇ ಲೆಕ್ಕ ಹಾಕಿ. ಚೀನಾ ಹಾಳೆ ಹಾಗೇ ಕೊಟ್ರೆ ಕಷ್ಟ ಆಗೋದು ಇಲ್ಲೂ ಇದೆ: ಝೆಂಗ್‌ಝೌ, ಶಿಯಾನ್ ಅಂತ ಬಂದ್ರೆ ಅದು ಊರೋ, ಆಳೋ, ತಿಂಡಿಯೋ ಅಂತ ತಿಳಿಯದೆ ಮಗು ಅಲ್ಲೇ ನಿಂತುಬಿಡುತ್ತೆ.

ಬರಹದ ಉದ್ದ 9ಕ್ಕೆ 80ರಿಂದ 120 ಪದ, 10ಕ್ಕೆ 150ರಿಂದ 200. ವಾಕ್ಯ 12 ಪದ ಮೀರದಿರಲಿ. ಇದು ನನ್ನ ಅಂದಾಜಿನ ಅಳತೆ, ನಿಮ್ಮ ಮಕ್ಕಳನ್ನ ನೋಡಿ ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಇನ್ನು ವಿಷಯ. ಚೀನಾ ಹಾಳೆಯ ಒಂದೊಂದು ವಿಷಯಕ್ಕೂ ನಮ್ಮಲ್ಲಿ ಜೋಡಿ ಇದೆ. ಅಲ್ಲಿನ ಬಾಡಿಗೆ ಸೈಕಲ್ ಬರಹ ಇದ್ರೆ, ಮೈಸೂರಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಇದೆ. ಎರಡೂ ಇಟ್ಟು ಹೋಲಿಸಿ: ಅಲ್ಲಿಯ ಸೈಕಲ್ಲು ಸಿಕ್ಕಿಸೋ ನಿಲ್ದಾಣ ಇಲ್ಲದೆ ರಸ್ತೆ ಬದಿಯಲ್ಲಿ ನಿಂತಿರುತ್ತೆ, ಮೊಬೈಲಲ್ಲಿ ಕೋಡ್ ಸ್ಕ್ಯಾನ್ ಮಾಡಿದ್ರೆ ಬೀಗ ತೆರೆಯುತ್ತೆ, ಟ್ರಿಣ್ ಟ್ರಿಣ್ ಶುರುವಾಗಿದ್ದು ನಿಲ್ದಾಣ ಮತ್ತು ಕಾರ್ಡಿನ ಪದ್ಧತಿಯಲ್ಲಿ, ತಗೊಂಡ ಸೈಕಲ್ಲನ್ನ ಯಾವುದಾದ್ರೂ ಒಂದು ನಿಲ್ದಾಣಕ್ಕೇ ತಂದು ಸಿಕ್ಕಿಸಬೇಕಿತ್ತು. 'ವೇರ್ ಮಸ್ಟ್ ದ ರೈಡರ್ ಲೀವ್ ದ ಬೈಸಿಕಲ್?' ಒಂದೇ ಪ್ರಶ್ನೆ, ಎರಡು ಬರಹಕ್ಕೆ ಎರಡು ಉತ್ತರ. ಚೀನಾ ಬರಹವನ್ನ ಪೂರ್ತಿ ಎಸೆಯೋದು ಬೇಡ ಅಂತ ನಾನು ಹೇಳೋದು ಇದಕ್ಕೇ. ಹೈಸ್ಪೀಡ್ ರೈಲಿಗೆ ಜೋಡಿ ನಿಮ್ಮ ಮನೆ ಮುಂದಿನ ಬೆಂಗಳೂರು–ಮೈಸೂರು ಹೆದ್ದಾರಿ: 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರಿಗೆ ಪ್ರವೇಶ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಮಕ್ಕಳು ದಿನಾ ನೋಡೋ ಫಲಕದ ಇಂಗ್ಲಿಷು.

ಮಂಡ್ಯಕ್ಕೆ ಕೆಆರ್‌ಎಸ್ ಮಟ್ಟದ ಪೆಟ್ಟಿಗೆಗಿಂತ ಒಳ್ಳೇ ಓದು ಬೇಕಾ? ಮಳೆಗಾಲದಲ್ಲಿ ಪೇಪರ್ರಲ್ಲಿ ದಿನಾ ಬರುತ್ತೆ. ಮಾದರಿಗೆ ನಾನೇ ಹಾಕಿದ ಅಂಕಿ ಇದು: 'ದ ವಾಟರ್ ಲೆವೆಲ್ ಸ್ಟುಡ್ ಅಟ್ 118.40 ಫೀಟ್ ಅಗೇನ್ಸ್ಟ್ ದ ಫುಲ್ ಲೆವೆಲ್ ಆಫ್ 124.80 ಫೀಟ್. ದ ಇನ್‌ಫ್ಲೋ ವಾಸ್ 9,500 ಕ್ಯೂಸೆಕ್ಸ್ ಅಂಡ್ ದ ಔಟ್‌ಫ್ಲೋ ವಾಸ್ 4,200 ಕ್ಯೂಸೆಕ್ಸ್.' 'ಸ್ಟುಡ್' ಅನ್ನೋದನ್ನ ನೀರು ನಿಂತುಹೋಯ್ತು ಅಂತ ಓದ್ತಾರೆ, 'ಅಗೇನ್ಸ್ಟ್' ಅನ್ನೋದನ್ನ ವಿರುದ್ಧ ಅಂತ. ಪದದರ್ಥ ಹೇಳಿಕೊಡೋ ಮುಂಚೆ ಲೆಕ್ಕ ಕೇಳಿ: ಕಟ್ಟೆ ತುಂಬೋಕೆ ಇನ್ನೆಷ್ಟು ಅಡಿ? 6.40 ಅಂತ ಬಂದ್ರೆ 'ಅಗೇನ್ಸ್ಟ್' ತಾನಾಗೇ ಅರ್ಥ ಆಗಿರುತ್ತೆ. ಎರಡನೇದು: ಮಟ್ಟ ಏರ್ತಿದೆಯಾ ಇಳೀತಿದೆಯಾ? ಆ ಪದ ಬರಹದಲ್ಲಿಲ್ಲ, ಒಳಹರಿವು ಹೊರಹರಿವಿಗಿಂತ ಹೆಚ್ಚು ಅನ್ನೋದ್ರಿಂದ ತೆಗೀಬೇಕು. ಗಾವ್‌ಕಾವ್ ಪತ್ರಿಕೆಯಲ್ಲಿ ಊಹೆಯ ಪ್ರಶ್ನೆ ಅನ್ನೋದು ಇದನ್ನೇ, ನಮ್ಮ ನಾಲೆ ಬಯಲಿನ ಮಕ್ಕಳು ಇದನ್ನ ಮೈಸೂರಿನವರಿಗಿಂತ ಬೇಗ ಹೇಳ್ತಾರೆ.

ಸೆಸ್ಕ್‌ನವರ ಕರೆಂಟ್ ಕಡಿತದ ಪ್ರಕಟಣೆ ಕನ್ನಡ, ಇಂಗ್ಲಿಷ್ ಎರಡು ಪೇಪರ್ರಲ್ಲೂ ಬರುತ್ತೆ. ಎರಡನ್ನೂ ಕತ್ತರಿಸಿಡಿ. ಇಂಗ್ಲಿಷ್ ಓದಿಸಿ ಪ್ರಶ್ನೆ ಕೇಳಿ, ತಿದ್ದೋಕೆ ಕನ್ನಡದ್ದನ್ನ ಕೊಡಿ. 'ಡ್ಯೂ ಟು ಮೇಂಟೆನೆನ್ಸ್ ವರ್ಕ್' ಅಲ್ಲೇ ಸಿಗುತ್ತೆ. ಒಆರ್‌ಎಸ್ ಪೊಟ್ಟಣವೂ ಆಗುತ್ತೆ: ಇಡೀ ಪೊಟ್ಟಣವನ್ನ ಎಷ್ಟು ನೀರಿಗೆ ಹಾಕಬೇಕು ಅನ್ನೋ ಒಂದೇ ಸಾಲು. ಒಂದು ಲೀಟರಿನದ್ದೂ ಇದೆ, 200 ಮಿಲಿಯ ಚಿಕ್ಕದೂ ಇದೆ, ಎರಡನ್ನೂ ಇಟ್ಟು ಓದಿಸಿ. ತಪ್ಪು ಓದಿದ್ರೆ ಏನಾಗುತ್ತೆ ಅಂತ ಮಕ್ಕಳೇ ಹೇಳಲಿ. ಕೀಟನಾಶಕದ ಡಬ್ಬಿಯಿಂದ ಕಡು ವಿಷದ ಕೆಂಪಿನಿಂದ ಹಳದಿ, ನೀಲಿ ದಾಟಿ ಕಡಿಮೆ ವಿಷದ ಹಸಿರಿನವರೆಗಿನ ತ್ರಿಕೋನಗಳ ಪಕ್ಕದ ಮಾತುಗಳನ್ನೂ ಓದಿಸಬಹುದು. ಡಬ್ಬಿಯ ಫೋಟೋ ಸಾಕು, ಖಾಲಿ ಡಬ್ಬಿಯನ್ನ ಶಾಲೆಗೆ ತರಿಸಬೇಡಿ.


ಹಳೇಬೆಂಚು:

ಎಲ್ಲ ಸರಿ, ಆದ್ರೆ ನೀವೆಲ್ಲ ಮಗುವಿಗೆ ಅಕ್ಷರ ಓದೋಕೆ ಬರುತ್ತೆ ಅಂತ ಹಿಡ್ಕೊಂಡು ಮಾತಾಡ್ತಿದ್ದೀರ. 9ನೇ ತರಗತಿಯಲ್ಲೂ ಒಂದಿಷ್ಟು ಮಕ್ಕಳು ಪದವನ್ನ ಗಟ್ಟಿಯಾಗಿ ಓದೋಕೇ ತಡವರಿಸ್ತಾರೆ. ಅವರಿಗೆ ಚೌಕ ಆವರಣ, ನಾಲ್ಕು ಬಲೆ ಯಾವುದೂ ತಲುಪಲ್ಲ. ಕನ್ನಡದಲ್ಲಿ ಕಾಗುಣಿತ ಬಂದ್ರೆ ಮುಗೀತು, ಯಾವ ಪದವನ್ನಾದ್ರೂ ಓದಬಹುದು. ಇಂಗ್ಲಿಷಲ್ಲಿ ಟಫ್, ದೋ, ಥ್ರೂ ಮೂರಕ್ಕೂ ಕೊನೇ ನಾಲ್ಕು ಅಕ್ಷರ ಒಂದೇ, ಉಚ್ಚಾರ ಮೂರು ಥರ.

ಮೊದಲ ವಾರ ಒಂದು ನಿಮಿಷದ ಪರೀಕ್ಷೆ ಮಾಡಿ. 7ನೇ ತರಗತಿ ಪಠ್ಯದ 100 ಪದ, ಒಬ್ಬೊಬ್ಬರನ್ನೇ ಕರೆದು ಗಟ್ಟಿಯಾಗಿ ಓದಿಸಿ, 60 ಸೆಕೆಂಡಿಗೆ ನಿಲ್ಲಿಸಿ, ಸರಿಯಾಗಿ ಓದಿದ ಪದ ಎಣಿಸಿ. 40ಕ್ಕಿಂತ ಕೆಳಗಿನವರನ್ನ ಬೇರೆ ಗುಂಪು ಮಾಡಿ. ಅವರಿಗೆ ಹೊಸ ಹಾಳೆ ಕೊಡಬೇಡಿ. 50 ಪದದ ಒಂದೇ ತುಂಡನ್ನ ನೀವು ಒಂದು ಸಲ ಓದಿ ಕೇಳಿಸಿ, ಅವರು ಜೋಡಿಯಾಗಿ ನಾಲ್ಕು ಸಲ ಓದಲಿ, ಪ್ರತಿ ಸಲದ ಸೆಕೆಂಡ್ ಬರೆದಿಡಲಿ. 70, 58, 49, 45 ಅಂತ ಇಳಿಯೋದು ಕಣ್ಣಿಗೆ ಕಂಡ್ರೆ ಹಠ ಬರುತ್ತೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ–ಇಂಗ್ಲಿಷ್ ಜೋಡಿ ಕಥೆಗಳು ಮಟ್ಟದ ಪ್ರಕಾರ ಉಚಿತವಾಗಿವೆ, ಮುಕ್ತ ಪರವಾನಗಿ, ಪ್ರಿಂಟ್ ಹಾಕಿಸಿದ್ರೆ ಯಾರೂ ಕೇಳಲ್ಲ. ಈ ಗುಂಪಿಗೆ ಒಂದು ಮತ್ತು ಎರಡನೇ ಮಟ್ಟದಿಂದ ಶುರು ಮಾಡಿ. ದೊಡ್ಡ ಮಕ್ಕಳಿಗೆ ಚಿಕ್ಕ ಮಕ್ಕಳ ಚಿತ್ರ ಅಂದ್ರೆ ನಾಚಿಕೆ ಆಗುತ್ತೆ, ಹಾಗಾಗಿ ಚಿತ್ರ ಬಿಟ್ಟು ಬರಹ ಮಾತ್ರ ಟೈಪ್ ಮಾಡಿಸಿ; ಕಥೆ ಬರೆದವರ, ಅನುವಾದಿಸಿದವರ ಹೆಸರು, ಪರವಾನಗಿಯ ಹೆಸರು ಕೆಳಗೆ ಉಳಿಸಿ, ಪರವಾನಗಿಯ ಷರತ್ತೇ ಅದು.

ಎಲ್ಲವನ್ನೂ ನೋಟೀಸು, ಡಬ್ಬಿ ಅಂತ ಮಾಡೋದಕ್ಕೂ ನನ್ನ ತಕರಾರಿದೆ. ಎರಡು ತಿಂಗಳಾದ್ರೆ ಮಕ್ಕಳಿಗೆ ಸಂಖ್ಯೆ ಹುಡುಕೋದು ಮಾತ್ರ ಬರುತ್ತೆ, ಮೂರು ಪ್ಯಾರಾ ಒಟ್ಟಿಗೆ ಹಿಡಿಯೋದು ಬರಲ್ಲ. ವಾರದ ಮೂರು ಪೀರಿಯಡ್ಡಲ್ಲಿ ಒಂದು ಕಥೆಗೇ ಇರಲಿ.


ಕುವೆಂಪುನಗರ_ಟೀಚರ್:

ಹಳೇಬೆಂಚು ಸರ್ ಹೇಳಿದ್ದು ಒಪ್ಪಬೇಕಾದ ಮಾತು, ಪ್ಯಾರಾ ಹಿಡಿಯೋ ಅಭ್ಯಾಸಕ್ಕೆ ಗಾವ್‌ಕಾವ್‌ನ ಆ ಐದನೇ ಬರಹ ಇದೆಯಲ್ಲ, ಅದನ್ನ ಕಥೆಯ ಪೀರಿಯಡ್ಡಿಗೆ ತನ್ನಿ. ಅಲ್ಲಿ ಬರಹದಿಂದ ಐದು ವಾಕ್ಯ ಕಿತ್ತು, ಎರಡು ಸುಳ್ಳು ವಾಕ್ಯ ಸೇರಿಸಿ ಏಳು ಕೊಡ್ತಾರೆ. ಏಳರಲ್ಲಿ ಐದನ್ನ ಜಾಗಕ್ಕೆ ಕೂರಿಸಬೇಕು. ನಮಗೆ ಐದು ಜಾಸ್ತಿ. ಹತ್ತು ವಾಕ್ಯದ ಕಥೆಯಿಂದ ಮೂರು ಕಿತ್ತು, ಒಂದು ಸುಳ್ಳು ಸೇರಿಸಿ ನಾಲ್ಕು ಕೊಡಿ. ಮೊದಲ ವಾಕ್ಯ ಕೀಳಬೇಡಿ. ಕೀಳೋ ವಾಕ್ಯದಲ್ಲಿ ಹಿಂದಿನದನ್ನ ಹಿಡಿಯೋ ಕೊಂಡಿ ಇರಲೇಬೇಕು: 'ದೇ', 'ದಿಸ್', 'ಹೌಎವರ್', 'ಫಾರ್ ಎಕ್ಸಾಂಪಲ್' ಇಂಥದ್ದು. ಕೊಂಡಿ ಇಲ್ಲದ ವಾಕ್ಯ ಕಿತ್ರೆ ಎರಡು ಜಾಗಕ್ಕೂ ಹೊಂದುತ್ತೆ, ಮಕ್ಕಳು ಜಗಳಕ್ಕೆ ಬರ್ತಾರೆ, ಅವರದ್ದೇ ಸರಿ ಇರುತ್ತೆ. ಸುಳ್ಳು ವಾಕ್ಯ ಅದೇ ವಿಷಯದ್ದಾಗಿರಲಿ. ಸಂತೆ ಕಥೆಗೆ ಆಕಾಶದ ವಾಕ್ಯ ಹಾಕಿದ್ರೆ ಓದದೇ ಬಿಸಾಕ್ತಾರೆ.

ಮೊದಲ ತಿಂಗಳು ವಾಕ್ಯಗಳನ್ನ ಚೀಟಿ ಕತ್ತರಿಸಿ ಕೊಡಿ, ನಾಲ್ಕು ಜನಕ್ಕೆ ಒಂದು ಸೆಟ್. ಚೀಟಿ ಅತ್ತಿತ್ತ ಸರಿಸ್ತಾ ಗಟ್ಟಿಯಾಗಿ ಓದಿ ನೋಡ್ತಾರೆ.


ಮದ್ದೂರುಮೇಷ್ಟ್ರು:

ಇನ್ನೊಂದೇ ಸಂಶಯ. ಎರಡು ತರಗತಿ ಸೇರಿ ಹತ್ತತ್ರ 90 ಮಕ್ಕಳು. ವಾರಕ್ಕೆ ಮೂರು ಹಾಳೆ ಅಂದ್ರೆ 270. ತಿದ್ದೋದು, ಜೆರಾಕ್ಸು ಎರಡೂ ಹೊರೆ. ಕ್ಲಾಸಲ್ಲಿ ಕನ್ನಡದಲ್ಲಿ ಉತ್ತರ ಹೇಳಿದ್ರೆ ಒಪ್ಪಬಹುದಾ?


ನಾಲೆದಂಡೆ:

ಒಪ್ಪಿ, ಆದ್ರೆ ಕ್ರಮ ಇರಲಿ. ಅರ್ಥ ಆಯ್ತಾ ಅನ್ನೋದನ್ನ ನೋಡುವಾಗ ಕನ್ನಡದಲ್ಲಿ ಹೇಳಲಿ; ಇಂಗ್ಲಿಷಲ್ಲೇ ಹೇಳು ಅಂದ್ರೆ ಓದಿದ್ದು ಅರ್ಥ ಆಗಿಲ್ವೋ, ಹೇಳೋಕೆ ಬರ್ತಿಲ್ವೋ ಅಂತ ನಿಮಗೆ ಗೊತ್ತಾಗಲ್ಲ. ಬಿಡಬೇಕಾದ್ದು ಸಾಲು ಸಾಲಾಗಿ ನೀವೇ ಕನ್ನಡ ಮಾಡಿ ಹೇಳೋದನ್ನ. ಎರಡನೇ ಸಾಲಿನ ಹೊತ್ತಿಗೆ ಮಕ್ಕಳು ಹಾಳೆ ಬಿಟ್ಟು ನಿಮ್ಮ ಬಾಯಿ ನೋಡ್ತಾ ಕೂತಿರ್ತಾರೆ.

40 ನಿಮಿಷ ಹೀಗೆ ಹಂಚಿ: ಬಾಲದ ವಾಕ್ಯಗಳಿಗೆ 5, ಹೊಸ ಪದ ಐದು ಮೀರದಂತೆ 4, ಮೌನವಾಗಿ ಓದೋಕೆ 6, ಉತ್ತರಕ್ಕೆ 8, ಪಕ್ಕದವರ ಜೊತೆ ಸಾಲಿನ ಸಂಖ್ಯೆ ಹೋಲಿಸೋಕೆ 5, ಇಬ್ಬರ ಉತ್ತರ ಬೇರೆ ಬಂದ ಪ್ರಶ್ನೆ ಮಾತ್ರ ಬೋರ್ಡಿನ ಮೇಲೆ 8. ಉಳಿದದ್ದು ಹಾಳೆ ಹಂಚಿ ಎತ್ತಿಡೋಕೆ ಹೋಗುತ್ತೆ, ಲೆಕ್ಕದಲ್ಲಿ ಬಿಡಬೇಡಿ. ತಿದ್ದೋದು ಮಕ್ಕಳೇ. ನೀವು ದಿನಕ್ಕೆ ಹತ್ತು ನೋಟ್‌ಬುಕ್ ನೋಡಿದ್ರೆ ಒಂಬತ್ತು ದಿನದಲ್ಲಿ 90 ಮುಗೀತು.

ಮೌನ ಓದಿನ ವೇಗ ಹದಿನೈದು ದಿನಕ್ಕೊಮ್ಮೆ ಅಳೆದ್ರೆ ಸಾಕು. ಓದಿದ ಪದವನ್ನ 60ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿ. 150 ಪದಕ್ಕೆ 120 ಸೆಕೆಂಡ್ ಆದ್ರೆ ನಿಮಿಷಕ್ಕೆ 75. ಹತ್ತು ಪ್ರಶ್ನೆಯಲ್ಲಿ ಏಳು ಸರಿ ಇಲ್ಲದಿದ್ರೆ ಆ ವೇಗ ಬರ್ಕೋಬೇಡಿ, ಪುಟ ತಿರುವಿದ ವೇಗ ಅದು.

ಜೆರಾಕ್ಸಿಗೆ: ಒಂದು ಎ4 ಹಾಳೆಯನ್ನ ಅಡ್ಡ ಹಾಕಿ ಎರಡು ಪ್ರತಿ ಬರೋ ಹಾಗೆ ಟೈಪ್ ಮಾಡಿ, ಅಕ್ಷರ 13 ಅಥವಾ 14 ಪಾಯಿಂಟ್. ಉತ್ತರ ಹಾಳೆ ಮೇಲೆ ಬರೆಸಬೇಡಿ, ನೋಟ್‌ಬುಕ್ಕಲ್ಲಿ ಬರೆಸಿ. ಜೋಡಿಗೆ ಒಂದು ಪ್ರತಿ ಕೊಟ್ರೆ 45 ಮಕ್ಕಳಿಗೆ 23 ಪ್ರತಿ, ಅಂದ್ರೆ 12 ಎ4 ಹಾಳೆ. ಒಂದನ್ನೇ 9ನೇ ತರಗತಿಗೆ ಈ ವರ್ಷ, ಮುಂದಿನ ವರ್ಷ ಬರೋ 9ಕ್ಕೂ ಬಳಸಬಹುದು. ಪೆನ್ಸಿಲ್ ಆವರಣ ಮಾತ್ರ ಹಾಳೆ ಮೇಲೇ ಬೀಳುತ್ತೆ, ಎತ್ತಿಡೋ ಮುಂಚೆ ಒರೆಸಿಕೊಡೋಕೆ ಹೇಳಿ. ಇಲ್ಲಾಂದ್ರೆ ಮುಂದಿನ ಬ್ಯಾಚಿಗೆ ಉತ್ತರ ಸಮೇತ ಸಿಗುತ್ತೆ.